ಐಲಾ ಮೊದಲೇ ಹೇಳಿದ ಮಾತು

ಪರದೆಯ ಮುಂದೆ ನಿಂತು ಐಲಾ ಸಿನಿಮಾದ ಗುಟ್ಟನ್ನೆಲ್ಲ ಒಂದೊಂದಾಗಿ ರಟ್ಟು ಮಾಡುತ್ತಿದ್ದಳು. ಬೇರೆ ಕಡೆ ಹೀಗೆ ಮಾಡಿದ್ದರೆ ಜನ ಕೈಗೆ ಸಿಕ್ಕಿದ್ದನ್ನು ಎಸೆದು ಓಡಿಸುತ್ತಿದ್ದರು. ಥಂಡರ್ ಬೇ ಊರಿನ ಈ ಹಳೆಯ ಟಾಕೀಸಿನಲ್ಲಿ ತಿಂಗಳಿಗೊಂದು ಭಾನುವಾರದ ಮಧ್ಯಾಹ್ನದ ಆಟಕ್ಕೆ ಮಾತ್ರ ಅದೇ ಪದ್ಧತಿ. ಆಟಿಸಂ ಇರುವವರು, ಸದ್ದಿಗೆ ಬೆಚ್ಚಿಬೀಳುವವರು, ಕೂತಲ್ಲಿ ಕೂರಲಾಗದವರು, ಇಂಥವರಿಗೆಂದೇ ಇಟ್ಟ ಆಟ ಅದು. ದೀಪ ಪೂರ್ತಿ ಆರಿಸುವುದಿಲ್ಲ, ಸದ್ದು ತಗ್ಗಿಸಿರುತ್ತಾರೆ, ಎದ್ದು ಓಡಾಡಿದರೆ ಯಾರೂ ಕಣ್ಣು ಕೆಂಪು ಮಾಡುವುದಿಲ್ಲ. ಎದೆ ಝಲ್ಲೆನ್ನಿಸುವ ಯಾವ ಸಂಗತಿ ಇದ್ದರೂ ಮೊದಲೇ ಹೇಳಿಬಿಡಬೇಕು. ಹೇಳುವ ಕೆಲಸ ಐಲಾಳದು. ಅವಳೂ ಆಟಿಸಂ ಇರುವವಳೇ, ಹಾಗಾಗಿ ಯಾವುದು ಯಾರನ್ನು ಬೆಚ್ಚಿಸುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು.

“ಮಂಜಲ್ಲಿ ದೋಣಿ ಬಂಡೆಗೆ ಬಡಿಯತ್ತೆ. ಅದಕ್ಕೆ ಮುಂಚೆ ಕೊಂಬು ಊದ್ತಾರೆ, ಉದ್ದಕ್ಕೆ. ಕಿವಿ ಮುಚ್ಕೊಳ್ಳೋರು ಆಗ ಮುಚ್ಕೊಳ್ಳಿ,” ಎಂದಳು. “ಅಂಬಿಗನ ಹೆಂಡತಿ ವಾಪಸ್ ಬರಲ್ಲ.”

“ನಾಯಿ?” ಎಂದ ಮುಂದಿನ ಸಾಲಿನ ಗಸ್. ಲಾರಿ ಓಡಿಸಿ ನಿವೃತ್ತನಾದ ಮನುಷ್ಯ. ನಾಯಿಯ ಗತಿ ತಿಳಿಯದೆ ಯಾವ ಸಿನಿಮಾಕ್ಕೂ ಕೂರುವವನಲ್ಲ.

“ನಾಯಿ ಸಾಯಲ್ಲ.”

“ಗಾಯ?”

“ಕಾಲಿಗೆ ಸ್ವಲ್ಪ. ವಾಸಿಯಾಗತ್ತೆ.”

“ಹಂಗಾದ್ರೆ ಸರಿ.”

ಅಲ್ಲಿಗೆ ಮುಗಿಸಿ ಇಳಿದಿದ್ದರೆ ಆಗಿತ್ತು. ಆದರೆ ಅಂಚಿನ ಕುರ್ಚಿಯಲ್ಲಿ ಲಾರ್ನ್ ಕೂತಿದ್ದ. ಆಟ ಮುಗಿದ ಮೇಲೆ ನಡೆಯುವ ಚರ್ಚೆಯಲ್ಲಿ ಅವನೂ ಐಲಾಳೂ ಮೂರು ವರ್ಷದಿಂದ ಹಾವು ಮುಂಗುಸಿಯ ಹಾಗೆ ಕಿತ್ತಾಡಿಕೊಂಡು ಬಂದಿದ್ದರು. ಆಮೇಲೆ ಫಿನ್ನಿಷ್ ಹೋಟೆಲಿನಲ್ಲಿ ಪ್ಯಾನ್‌ಕೇಕ್ ತಿನ್ನುತ್ತ ಅದೇ ಜಗಳವನ್ನು ಮುಂದುವರಿಸುತ್ತಿದ್ದರು. ಅವನು ಅವಳನ್ನು ಗೇಟಿನವರೆಗೆ ಬಿಟ್ಟು ಹೋಗುತ್ತಿದ್ದನೇ ಹೊರತು ಒಳಗೆ ಒಂದು ಸಲವೂ ಕಾಲಿಟ್ಟವನಲ್ಲ. ಆದರೂ ಅದು ಹೇಗೋ ಏನೋ, ಅವನಿಲ್ಲದ ಮನೆ ಅವಳಿಗೆ ಮನೆ ಅನ್ನಿಸುವುದೇ ನಿಂತುಹೋಗಿತ್ತು. ಇವತ್ತು ಕೇಳಿಯೇಬಿಡಬೇಕೆಂದು ಬಂದಿದ್ದಳು. ಎದೆ ಝಲ್ಲೆನ್ನಿಸುವ ಸಂಗತಿ ತಾನೆ? ಹಾಗಾದರೆ ಮೊದಲೇ ಹೇಳಬೇಕಲ್ಲ. ಅವಳ ಲೆಕ್ಕ ಅಷ್ಟು ಸರಳ.

“ಇನ್ನೊಂದಿದೆ. ಇದು ಸಿನಿಮಾದಲ್ಲಿಲ್ಲ,” ಎಂದಳು ಐಲಾ, ಅದೇ ದನಿಯಲ್ಲಿ. “ಆಮೇಲೆ ಚರ್ಚೆ ಹೊತ್ತಲ್ಲಿ ನಾನು ಲಾರ್ನ್‌ನ, ನನ್ನ ಮನೆಗೆ ಬಂದು ನನ್ನ ಜೊತೆ ಸಂಸಾರ ಮಾಡ್ತೀಯಾ ಅಂತ ಕೇಳ್ತೀನಿ. ಮುಜುಗರ ಆಗೋರು ಆಗ ಆಚೆ ಹೋಗಬಹುದು.”

ಟಾಕೀಸಿನಲ್ಲಿ ಪಾಪ್‌ಕಾರ್ನ್ ಅಗಿಯುವ ಸದ್ದು ನಿಂತಿತು. ಲಾರ್ನ್ ಖಾಲಿ ಪರದೆಯನ್ನೇ ದಿಟ್ಟಿಸುತ್ತಿದ್ದ.

“ನಾಯಿ ಸಾಕ್ತೀರಾ?” ಎಂದ ಗಸ್.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಟಾಕೀಸು ನಡೆಸುವ ವರ್ನಾ ಬಾಗಿಲಲ್ಲಿ ತಲೆಯ ಮೇಲೆ ಕೈಹೊತ್ತು ನಿಂತಿದ್ದಳು. ದೀಪ ಅರ್ಧಕ್ಕಿಳಿದದ್ದೇ ತಡ, ಐಲಾಳ ತೋಳು ಹಿಡಿದು ಆಚೆಗೆ ಎಳೆದುಕೊಂಡು ಹೋದಳು.

“ಇಂಥದ್ದನ್ನ ಯಾರಾದ್ರೂ ಊರಿಗೆಲ್ಲ ಡಂಗುರ ಸಾರ್ತಾರೇನೇ? ಅವನೊಬ್ಬನೇ ಇದ್ದಾಗ ಮೆಲ್ಲಗೆ ಕೇಳೋದಲ್ವಾ?”

“ಏಕಾಏಕಿ ಕೇಳಿದ್ರೆ ಬೆಚ್ಚಿಬೀಳ್ತಾನೆ. ಅವನ ಹುಟ್ಟುಹಬ್ಬಕ್ಕೆ ನೀವೆಲ್ಲ ಬಚ್ಚಿಟ್ಕೊಂಡು ಕೂಗಿದ್ರಲ್ಲ, ಎಷ್ಟು ದಿನ ಈ ಕಡೆ ತಲೆ ಹಾಕ್ಲಿಲ್ಲ ನೆನಪಿದ್ಯಾ?”

“ಅದು ಒಂದು ಗಳಿಗೆ ಬೆಚ್ಚಿದ್ದು. ಈಗ ಸಿನಿಮಾ ಮುಗಿಯೋವರೆಗೂ ಅವನನ್ನ ಕಾದ ಹೆಂಚಿನ ಮೇಲೆ ಕೂರಿಸಿದ್ಯಲ್ಲ ತಾಯಿ.”

ಅಯ್ಯೋ, ಇದು ಐಲಾಳಿಗೆ ಹೊಳೆದೇ ಇರಲಿಲ್ಲ. ಯಾವುದು ಬರುತ್ತದೆ ಎಂದು ಹೇಳಿದರೆ ಸಾಕು, ಮನುಷ್ಯ ನೆಮ್ಮದಿಯಾಗಿ ಕಾಯುತ್ತಾನೆ ಎಂದೇ ಅವಳು ನಂಬಿದ್ದಳು. ಮತ್ತೆ ಒಳಗೆ ಬಂದು ನೋಡಿದರೆ ಲಾರ್ನ್‌ನ ಕಾಲು ಒಂದೇ ಸಮ ಅದುರುತ್ತಿತ್ತು. ಅವನು ಎದ್ದ, ಹಿಂದಿನ ಗೋಡೆಯವರೆಗೆ ಹೋಗಿ ಬಂದ, ಬೇರೆ ಕುರ್ಚಿಯಲ್ಲಿ ಕೂತ, ಅಲ್ಲಿಂದಲೂ ಎದ್ದ. ಐಲಾಳಿಗೂ ಮೈಯೆಲ್ಲ ಇರುವೆ ಬಿಟ್ಟಂತಾಗಿತ್ತು. ಅವನು ಕುರ್ಚಿಸಾಲುಗಳ ಆ ಓಣಿಯಲ್ಲಿ ನಡೆದರೆ ಇವಳು ಈ ಓಣಿಯಲ್ಲಿ ನಡೆದಳು. ಪರದೆಯ ಮೇಲೆ ಅಂಬಿಗ ಏನು ಮಾಡಿದನೋ, ಆ ದೇವರಿಗೇ ಗೊತ್ತು.

ಕೊಂಬು ಊದಿದಾಗ ಎಲ್ಲರ ಹಾಗೆ ಅವಳೂ ಕಿವಿ ಮುಚ್ಚಿ ಕಣ್ಣು ಮುಚ್ಚಿದಳು. ಕಣ್ಣು ಬಿಟ್ಟರೆ ಲಾರ್ನ್ ಇಲ್ಲ. ಕುರ್ಚಿಯ ಬೆನ್ನಿಗೆ ಹಾಕಿದ್ದ ಅವನ ಕೋಟೂ ಇಲ್ಲ. ಜನವರಿ ತಿಂಗಳಲ್ಲಿ ಆ ಊರಿನಲ್ಲಿ ಕೋಟು ಹೋಯಿತೆಂದರೆ ಮನುಷ್ಯ ಹೊರಟುಹೋದ ಎಂದೇ ಅರ್ಥ. ಅವಳು ಮುಂಬಾಗಿಲಿಗೆ ಓಡಿದಳು.

“ಹೋದ. ಎಲ್ಲಿಗೆ ಅಂತ ನಾನು ಕೇಳ್ಲಿಲ್ಲ,” ಎಂದಳು ವರ್ನಾ. “ಎದ್ದು ಹೋಗೋರನ್ನ ಯಾಕೆ ಅಂತ ಕೇಳ್ಬಾರ್ದು, ನೀನೇ ಮಾಡಿದ ನಿಯಮ.”

ಒಳ್ಳೆಯ ನಿಯಮವೇ. ಆದರೆ ಆ ಹೊತ್ತಿಗೆ ಐಲಾಳಿಗೆ ಅದನ್ನು ಹರಿದು ಬಿಸಾಕುವಷ್ಟು ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಭಯ ಬಂತು. ಸಂಸಾರ ಹಾಳಾಗಲಿ, ಪ್ಯಾನ್‌ಕೇಕಿನ ಮುಂದಿನ ಜಗಳಕ್ಕೂ ಕಲ್ಲು ಹಾಕಿಕೊಂಡೆನಲ್ಲ ಎಂದುಕೊಂಡಳು. ಲೋಕದಲ್ಲಿ ಅವಳ ಜೊತೆ ಅಷ್ಟು ಚೆನ್ನಾಗಿ ಜಗಳವಾಡುವ ಇನ್ನೊಬ್ಬರಿರಲಿಲ್ಲ.

ಆಟ ಮುಗಿಯಿತು. ಕುರ್ಚಿಗಳನ್ನು ದುಂಡಗೆ ಹಾಕಿದರು. ಚರ್ಚೆ ನಡೆಸಬೇಕಾದವಳು ಐಲಾ, ನಡೆಸಿದಳು. ಅಂಬಿಗ ದೋಣಿ ಮಾರಿಬಿಡಬೇಕಿತ್ತು ಎಂದರು ಯಾರೋ. ಹೆಂಡತಿ ಹೋದದ್ದೇ ಒಳ್ಳೆಯದಾಯಿತು ಎಂದರು ಇನ್ನೊಬ್ಬರು. ಅವಳು ಹೂಂಗುಟ್ಟಿದಳು. ಆದರೆ ಎಲ್ಲರ ಕಣ್ಣೂ ಬಾಗಿಲ ಮೇಲಿತ್ತು. ಪಾಪ, ಅವರ ತಪ್ಪಲ್ಲ. ಇಂಥದ್ದು ನಡೆಯುತ್ತದೆ ಎಂದು ಹೇಳಿದ ಮೇಲೆ ಅದು ನಡೆಯುವವರೆಗೆ ಅವರಿಗೂ ಸಮಾಧಾನವಿಲ್ಲ.

“ಅವನು ಬರಲ್ಲ ಅನ್ಸತ್ತೆ,” ಎಂದ ಗಸ್. “ಬೇಕಾದ್ರೆ ನನ್ನ ಕೇಳು. ನಾನು ಬೇಡ ಅಂತೀನಿ. ನಿನಗೆ ಅಭ್ಯಾಸ ಆಗತ್ತೆ.”

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅಷ್ಟರಲ್ಲಿ ಬಾಗಿಲು ತೆರೆಯಿತು. ಲಾರ್ನ್ ಭುಜದ ಮೇಲೆಲ್ಲ ಹಿಮ ಹೊತ್ತುಕೊಂಡು ನಿಂತಿದ್ದ. ಎಂದೂ ಕಿವಿ ಬಿಟ್ಟು ಇಳಿಯದ ಅವನ ಹೆಡ್‌ಫೋನು ಕೊರಳಲ್ಲಿ ನೇತಾಡುತ್ತಿತ್ತು. ಕಿವಿ ಎರಡೂ ಬೀಟ್‌ರೂಟಿನಷ್ಟು ಕೆಂಪಾಗಿದ್ದವು.

“ಸಿನಿಮಾ ಒಂದು ಚೂರೂ ನೋಡಕ್ಕಾಗ್ಲಿಲ್ಲ. ನಿನ್ನಿಂದಾನೇ,” ಎಂದ.

ಈಗ ಕೇಳಬೇಕು. ಐಲಾ ಬಾಯಿ ತೆರೆದಳು. ಮಾತು ಬರಲಿಲ್ಲ. ಒಳಗೆ ತುಂಬಿ ಬಂದಾಗ ಅವಳಿಗೆ ಒಮ್ಮೊಮ್ಮೆ ಹೀಗಾಗುತ್ತದೆ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡುಬಿಡುತ್ತದೆ. ಅಷ್ಟು ಜನರಿಗೆ ಮುಂಚೆಯೇ ಸಾರಿದ ಮಾತು, ಆಡಬೇಕಾದವನ ಮುಂದೆ ಆಡಲಾಗಲಿಲ್ಲ. ಬೇರೆ ಸಭೆಯಾಗಿದ್ದರೆ ‘ಹೇಳು, ಹೇಳು’ ಎಂದು ಜೀವ ತಿನ್ನುತ್ತಿದ್ದರು. ಇಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಇದು ಆಗಾಗ ತಮಗೂ ಆಗುವುದೇ ಎಂದು ಸುಮ್ಮನೆ ಕಾದರು.

ಲಾರ್ನ್ ಕೂಡ ಕಾದ. ಕೊನೆಗೆ ನೆಲ ನೋಡುತ್ತ ಹೇಳಿದ: “ಕೇಳೋದು ಬೇಡ ಬಿಡು. ಪ್ರಶ್ನೆ ಗೊತ್ತಲ್ಲ. ನಿನ್ನ ಮನೆ ಹತ್ರ ಹೋಗಿದ್ದೆ.”

ತಲೆ ಎತ್ತದೆಯೇ ಮುಂದುವರಿಸಿದ.

“ಅಲ್ಲಿ ಇರಕ್ಕೆ ನನ್ನ ಕೈಲಿ ಆಗತ್ತಾ ಅಂತ ನೋಡ್ಬೇಕಿತ್ತು. ಹೆಡ್‌ಫೋನ್ ತೆಗೆದು ಗೇಟ್ ಹತ್ರ ನಿಂತ್ಕೊಂಡೆ. ಹಿತ್ತಲ ಹಿಂದೆ ಗೂಡ್ಸ್ ರೈಲು ಹೋಯ್ತು. ಮುಗಿಯೋದೇ ಇಲ್ಲ ಅದು. ವಾಂತಿ ಬರೋ ಹಂಗಾಯ್ತು. ಓಡಿಹೋಗ್ಬೇಕು ಅನ್ನಿಸ್ತು, ಹಲ್ಲು ಕಚ್ಕೊಂಡು ನಿಂತೆ.” ತಲೆ ಎತ್ತಿ ಕೇಳಿದ, “ರಾತ್ರಿನೂ ಹೋಗತ್ತಾ?”

ಮನಸ್ಸಿನಲ್ಲೇನಿದೆ ಎಂದು ಕೇಳಿದ್ದರೆ ಅವಳ ಬಾಯಿ ತೆರೆಯುತ್ತಿರಲಿಲ್ಲ. ರೈಲಿನ ವಿಷಯ ಕೇಳಿದ, ಮಾತು ಬಂತು.

“ಹನ್ನೊಂದಕ್ಕೆ ಒಂದು ಹೋಗತ್ತೆ,” ಎಂದಳು. “ಆಮೇಲೆ ಬೆಳಗಾಗೋವರೆಗೂ ಇಲ್ಲ.”

 ಲಾರ್ನ್‌ನ ಭುಜದ ಹಿಮ ಕರಗಿ ನೆಲಹಾಸಿನ ಮೇಲೆ ತೊಟ್ಟಿಕ್ಕುತ್ತಿತ್ತು.

“ಹಾಗಿದ್ರೆ ಅದು ಹೋಗೋವರೆಗೂ ನನ್ನ ಜೊತೆ ನೀನೂ ಎದ್ದಿರ್ಬೇಕು,” ಎಂದ.