ಸದ್ದಿಲ್ಲದ ಭಾನುವಾರಗಳು

ಚಿತ್ತಯ್ಯ ಸರ್ ನನ್ನ ಮೊದಲ ಬರಹವನ್ನು ಹಿಂದಿರುಗಿಸಿದಾಗ ಅದರ ಕೆಳಗೆ ಕೆಂಪು ಶಾಯಿಯಲ್ಲಿ ಹೀಗೆ ಬರೆದಿತ್ತು: ‘ಸಿನಿಮಾದ ಕಥೆ ಸರಿಯಾಗಿದೆ. ನೋಡುವಾಗ ನಿಮಗೇನಾಯಿತು?’

ನನಗೆ ಏನೂ ಆಗಿರಲಿಲ್ಲ.

ಆಗ ನಾನು ಚಿತ್ರದುರ್ಗದಲ್ಲಿ ಎಂ.ಎ. ಎರಡನೆಯ ವರ್ಷದಲ್ಲಿದ್ದೆ. ಹೊಳಲ್ಕೆರೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಆ ವರ್ಷ ದೃಶ್ಯಮಾಧ್ಯಮ ಎಂಬ ಹೊಸ ವಿಷಯದ ಪತ್ರಿಕೆ ಸೇರಿಸಿದ್ದರು. ಸಿನಿಮಾ, ಧಾರಾವಾಹಿ, ಸಾಕ್ಷ್ಯಚಿತ್ರ, ಕೊನೆಗೆ ಒಂದು ಫೋಟೋ ನೋಡಿ ನಮ್ಮ ಸ್ವಂತ ಪ್ರತಿಕ್ರಿಯೆ ಬರೆದುಕೊಡಬೇಕು. ಕೊಡದವರು ಪರೀಕ್ಷೆಗೆ ಕೂರುವಂತಿಲ್ಲ. ಉಳಿದ ಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ಕುಳಿತು ಓದಿ ದಾಟಬಹುದಿತ್ತು. ಇದನ್ನು ಓದಿ ದಾಟುವಂತಿರಲಿಲ್ಲ. ಇದಕ್ಕೆ ಒಳಗೆ ಏನಾದರೂ ಆಗಬೇಕಿತ್ತು.

ನನ್ನ ಗಂಡ ಮೋಹನ್‌ಕುಮಾರ್ ಹೋಗಿ ಆಗಿನ್ನೂ ಮೂರು ತಿಂಗಳು. ಅವರು ಹಿರಿಯೂರಿನಲ್ಲಿ ಒಂದು ಸಹಕಾರ ಸಂಘದ ಗುಮಾಸ್ತರಾಗಿದ್ದರು. ವಾರವೆಲ್ಲ ಅಲ್ಲಿದ್ದು ಶನಿವಾರ ಸಂಜೆ ಸ್ಕೂಟರಿನಲ್ಲಿ ಊರಿಗೆ ಬರುತ್ತಿದ್ದರು. ಒಂದು ಶನಿವಾರ ಹೆದ್ದಾರಿಯಲ್ಲಿ ಲಾರಿ ಅಡ್ಡ ಬಂತು. ಈ ಬಗ್ಗೆ ಇದಕ್ಕಿಂತ ಹೆಚ್ಚು ನಾನು ಎಲ್ಲೂ ಬರೆದಿಲ್ಲ.

ಮನೆಯಲ್ಲಿ ಉಳಿದವರು ನಾನು ಮತ್ತು ನನ್ನ ಅತ್ತೆ ಚಂದ್ರಕ್ಕ. ತಿಥಿಯ ದಿನ, ಎಂದೋ ತೀರಿಕೊಂಡಿದ್ದ ಮಾವನವರ ಅಣ್ಣ ಚಿಕ್ಕತಿಮ್ಮಪ್ಪನವರು ಬಿ. ದುರ್ಗದಿಂದ ಬಂದು ಎಲ್ಲವನ್ನೂ ನಿಂತು ಮಾಡಿಸಿದರು. ಹೊರಡುವಾಗ ಟೀವಿಯ ಕಡೆ ಬೆರಳು ತೋರಿಸಿ, “ವರ್ಷ ತುಂಬೋವರೆಗೂ ಇದನ್ನ ಹಾಕಬ್ಯಾಡ್ರಿ. ಸತ್ತ ಮನೆಯಾಗೆ ಹಾಡು ಕುಣಿತ ಅಂತ ಓಣಿಯೋರು ಆಡ್ಕಬಾರ್ದು” ಎಂದಿದ್ದರು. ಅತ್ತೆ ತಾವೇ ಕಸೂತಿ ಹಾಕಿದ್ದ ಬಟ್ಟೆಯನ್ನು ಟೀವಿಗೆ ಹೊದಿಸಿದರು. ಅವರು ಧಾರಾವಾಹಿಗಳನ್ನು ಒಂದು ದಿನವೂ ತಪ್ಪಿಸದೆ ನೋಡುತ್ತಿದ್ದವರು. ಆಮೇಲೆ ಆ ಕಡೆ ಮುಖ ತಿರುಗಿಸಿಯೂ ಕೂರಲಿಲ್ಲ.

ಟೀವಿಯ ಮೇಲಿನ ಗೋಡೆಗೆ ಮೋಹನ್ ಅವರ ಫೋಟೋ ಬಂತು. ಒಬ್ಬರೇ ಇರುವ ಒಳ್ಳೆಯ ಫೋಟೋ ನಮ್ಮಲ್ಲಿ ಇರಲಿಲ್ಲ. ಸ್ಟುಡಿಯೋ ನಾಸಿರ್ ಯಾವುದೋ ಗುಂಪಿನ ಫೋಟೋದಿಂದ ಇವರನ್ನು ಕತ್ತರಿಸಿ, ಹಿಂದೆ ನೀಲಿ ಬಣ್ಣ ಕೊಟ್ಟು, ದೊಡ್ಡದು ಮಾಡಿಕೊಟ್ಟ. ಅದರಲ್ಲಿ ಬಾಯಿ ಅರ್ಧ ತೆರೆದಿತ್ತು. “ಚಂದ್ರಕ್ಕ, ಬ್ರಶ್ಶಲ್ಲಿ ಬಾಯಿ ಮುಚ್ಚಿಸ್ಲಾ? ಗೊತ್ತೇ ಆಗಲ್ಲ” ಎಂದು ಅವನು ಕೇಳಿದ್ದ.

“ಬ್ಯಾಡಪ್ಪ. ಮಾತಾಡ್ತಾ ಇರ್ಲಿ” ಅಂದಿದ್ದರು ಅತ್ತೆ.

ಬಂದವರೆಲ್ಲ ಅದರ ಮುಂದೆ ಕೈ ಮುಗಿದು ನಿಲ್ಲುತ್ತಿದ್ದರು. ಚಿಕ್ಕತಿಮ್ಮಪ್ಪನವರಂತೂ, “ಶಿವಾ ಅಂದಂಗೈತೆ. ಪುಣ್ಯವಂತ” ಎಂದು ಕಣ್ಣೊರೆಸಿಕೊಂಡರು. ನಾನು ದಿನವೂ ಅದರ ಮುಂದೆ ದೀಪ ಹಚ್ಚುತ್ತಿದ್ದೆ. ದೀಪವನ್ನು ನೋಡುತ್ತಿದ್ದೆ, ಚೌಕಟ್ಟನ್ನು ನೋಡುತ್ತಿದ್ದೆ, ಹೂವನ್ನು ನೋಡುತ್ತಿದ್ದೆ.

ಮೊದಲ ಸಿನಿಮಾವನ್ನು ತರಗತಿಯಲ್ಲೇ ಕ್ಯಾಸೆಟ್ ಹಾಕಿ ತೋರಿಸಿದ್ದರು. ಮಿಕ್ಕವನ್ನು ದೂರದರ್ಶನದಲ್ಲಿ ನೋಡಿಕೊಳ್ಳಿ ಎಂದರು. ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಯ ಚಿತ್ರಗಳು ಬರುತ್ತಿದ್ದವು. ಕೆಂಪು ಶಾಯಿಯ ಹಾಳೆ ತಂದ ದಿನ ನಾನು ಅತ್ತೆಗೆ ಹೇಳಿದೆ, “ಈ ವರ್ಷ ಪರೀಕ್ಷೆ ಬಿಟ್ಬಿಡ್ತೀನಿ ಅತ್ತೆ.”

“ಯಾಕೆ?”

“ಟೀವಿ ನೋಡಿ ಬರೀಬೇಕು.”

ಅವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದರು. “ಟೀವಿ ನೋಡೋದೂ ಓದಾ?”

“ಹೂಂ.”

“ಅಯ್ಯೋ ನನ್ನವ್ವ! ಹಂಗಾದ್ರೆ ನಂದು ಎಂ.ಎ. ಆಗಿ ಎಷ್ಟೋ ವರ್ಷ ಆಯ್ತಲ್ಲೇ.”

ನಾನು ನಗಲಿಲ್ಲ. ಅವರೂ ನಗಿಸಲು ಹೇಳಿದ್ದಲ್ಲ. ಆ ಭಾನುವಾರ ಊಟವಾದ ಮೇಲೆ ಅವರೇ ಎದ್ದು ಕಸೂತಿ ಬಟ್ಟೆ ತೆಗೆದು ಮಡಿಸಿಟ್ಟರು. ನಾನು ಬೀದಿ ಬಾಗಿಲು ಮುಚ್ಚಲು ಹೋದೆ.

“ಮುಚ್ಚಬ್ಯಾಡ. ಮುಚ್ಚಿದ್ರೆ ಕದ್ದಂಗಾಗ್ತದೆ” ಎಂದರು. ಸದ್ದಿನ ಗುಂಡಿಯನ್ನು ಸದ್ದು ಪೂರ್ತಿ ಅಡಗುವವರೆಗೂ ತಿರುಗಿಸಿದರು. “ಹಾಡು ಕುಣಿತ ಓಣಿಗೆ ಕೇಳಬಾರ್ದು ಅಂತ ತಾನೆ? ಕೇಳಾಕಿಲ್ಲ ಬಿಡು. ಬೊಂಬೆ ಆಡಿದ್ರೆ ಯಾರಿಗೇನು.”

ಅದು ಒಂದು ನದಿಯ ಕಥೆ. ದೋಣಿಯವನೊಬ್ಬ, ದಡದಲ್ಲಿ ಒಬ್ಬಳು ಹೆಂಗಸು. ಭಾಷೆ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ, ಆದ್ದರಿಂದ ಸದ್ದಿಲ್ಲದಿದ್ದರೂ ನಷ್ಟವಿರಲಿಲ್ಲ. ಮಾತಿನ ಅರ್ಥ ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿತ್ತು.

“ಏನಂತಾನೆ?” ಅತ್ತೆ ಕೇಳಿದರು.

“ಮಳೆ ಬರ್ತದೆ ಅಂತಾನೆ.”

“ಅಷ್ಟೇನಾ? ಅಷ್ಟೊತ್ತು ಬಾಯಾಡಿಸ್ದ! ನಿನ್ನ ಇಂಗ್ಲಿಷು ಅರ್ಧ ನುಂಗ್ತದೆ ಕಣೆ.” ಅವರು ಮುಂದಕ್ಕೆ ಸರಿದು ಕುಳಿತರು. “ನಾನ್ ಹೇಳ್ತೀನಿ ಕೇಳು. ಇವ್ಳು ಅವನ ಅಕ್ಕ. ನೋಡು, ಸೊಂಟದ ಮ್ಯಾಲೆ ಕೈ ಹೆಂಗಿಟ್ಕಂಡವ್ಳೆ! ‘ಲೇ, ದೋಣಿ ಬಿಟ್ಕಂಡು ಹೊಂಟೆಯಲ್ಲ, ರಾಗಿ ಬೀಸಿಸ್ಕಂಡು ಬರೋರ್ಯಾರು, ನಿಮ್ಮಪ್ಪನಾ?’ ಅಂತಾಳೆ.”

ಕೆಳಗೆ ಬಂದ ಸಾಲು ಬೇರೆಯದಾಗಿತ್ತು. ‘ಚಳಿಗಾಲ ಮುಗಿಯುವವರೆಗೂ ನಿನಗಾಗಿ ಕಾಯುತ್ತೇನೆ’ ಎಂದು ಅವಳು ಹೇಳುತ್ತಿದ್ದಳು. ಅವಳು ಅಕ್ಕನಲ್ಲ, ಅವನ ಪ್ರೇಯಸಿ. ನಾನು ತಿದ್ದಲಿಲ್ಲ. ಚಿತ್ರ ಮುಗಿಯುವ ಹೊತ್ತಿಗೆ ಅತ್ತೆಯ ಕಥೆಯಲ್ಲಿ ದೋಣಿಯವನು ಅಕ್ಕನ ಮದುವೆಗಾಗಿ ದುಡಿಯಲು ಹೋಗಿ, ತಡವಾಗಿ ಬಂದು, ಅವಳಿಲ್ಲದ ದಡ ನೋಡಿ ಅಳುತ್ತಿದ್ದ. ಅತ್ತೆಯೂ ಸೆರಗಿನಿಂದ ಮೂಗೊರೆಸಿಕೊಂಡರು. ನಾನು ಅವರನ್ನು ನೋಡುತ್ತಿದ್ದೆ. ಅವರಿಗೆ ಏನೇನೋ ಆಗುತ್ತಿತ್ತು. ನನಗೆ ಆಗದದ್ದು ಪಕ್ಕದಲ್ಲೇ ಕುಳಿತವರಿಗೆ ಆಗುತ್ತಿರುವುದನ್ನು ನೋಡುವುದು, ಚಳಿಯಲ್ಲಿ ಇನ್ನೊಬ್ಬರ ಒಲೆಯ ಪಕ್ಕ ನಿಂತ ಹಾಗಿತ್ತು.

ಅದನ್ನೇ ಬರೆದುಕೊಟ್ಟೆ. ಮುಂದಿನದಕ್ಕೂ ಹಾಗೆಯೇ ಮಾಡಿದೆ. ಒಂದು ಧಾರಾವಾಹಿಯ ಸೊಸೆ ಕನ್ನಡಿಯ ಮುಂದೆ ಕುಳಿತು ಅತ್ತಾಗ ಅತ್ತೆ, “ಕಾಡಿಗೆ ಕರಗಿಲ್ಲ ನೋಡು, ಇದು ಅಳು ಅಲ್ಲ” ಎಂದಿದ್ದನ್ನೂ ಬರೆದೆ.

ಚಿತ್ತಯ್ಯ ಸರ್ ಈ ಸಲ ಏನೂ ಬರೆಯದೆ ನನ್ನನ್ನು ಕರೆಸಿದರು.

“ಇವು ತುಂಬ ಚೆನ್ನಾಗಿವೆ. ಯಾರವು?”

“ನಮ್ಮ ಅತ್ತೆಯವು ಸರ್.”

ಅವರು ಹಾಳೆಗಳನ್ನು ಜೋಡಿಸಿಟ್ಟರು. ಮೋಹನ್ ವಿಷಯ ಅವರಿಗೆ ಗೊತ್ತಿತ್ತು. “ಅವರಿಗೆ ನನ್ನ ನಮಸ್ಕಾರ ತಿಳಿಸಮ್ಮ. ಆದರೆ ಪರೀಕ್ಷೆ ಬರೆಯೋಳು ನೀನು. ಕೊನೇದೊಂದು, ಫೋಟೋದ್ದು, ನಿನ್ನದಾಗಿರಲಿ. ಇಲ್ಲದಿದ್ರೆ ನಾನು ಸಹಿ ಹಾಕೋಕಾಗಲ್ಲ. ಹಾಕಿದ್ರೆ ನಿನಗೆ ಮೋಸ ಮಾಡಿದಂಗೆ.”

ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ನನ್ನದು ಅಂತ ಏನಿದೆ, ಕೊಡಲಿಕ್ಕೆ?

ನಡುವೆ ಒಂದು ಭಾನುವಾರ ಚಿಕ್ಕತಿಮ್ಮಪ್ಪನವರು ಹೇಳದೆ ಕೇಳದೆ ಬಂದರು. ಉಪ್ಪು ತೆಗೆಯುವವರ ಮೇಲಿನ ಒಂದು ಸಾಕ್ಷ್ಯಚಿತ್ರ ನಡೆಯುತ್ತಿತ್ತು. ಹೊಸ್ತಿಲಲ್ಲೇ ನಿಂತರು.

“ಏನಮ್ಮ ಚಂದ್ರಕ್ಕ, ವರ್ಷ ತುಂಬಿಲ್ಲ, ಆಗ್ಲೇ ಟೀವಿನಾ?”

ನಾನು ಆರಿಸಲು ಎದ್ದೆ. ಅತ್ತೆ ನನ್ನ ಸೀರೆ ಹಿಡಿದು ಕೂರಿಸಿದರು. “ಬರ್ರಿ ಭಾವ, ಕುಂತ್ಕಳ್ರಿ. ಓಣಿ ದಾಟ್ಕಂಡು ಬಂದ್ರಲ್ಲ, ಸದ್ದು ಕೇಳಿಸ್ತಾ?”

“ಇಲ್ಲ.”

“ಮತ್ತೆ? ಹುಡುಗಿ ಓದ್ತಾ ಐತೆ.”

“ಇದು ಓದಾ?”

“ಎಂ.ಎ. ಓದು ಹಿಂಗೇ ಇರ್ತದೆ. ನಿಮಗೆ ತಿಳಿಯಾಕಿಲ್ಲ.”

ಅವರು ಟೀವಿಗೆ ಬೆನ್ನು ಹಾಕಿ ಬಾಗಿಲಿಗೆ ಮುಖ ಮಾಡಿ ಕುಳಿತರು. ಮಜ್ಜಿಗೆ ಕೊಟ್ಟೆ. ಅರ್ಧ ಲೋಟ ಮುಗಿಯುವಾಗ ಕುತ್ತಿಗೆ ಸ್ವಲ್ಪ ತಿರುಗಿತ್ತು. ಲೋಟ ಕೆಳಗಿಡುವಾಗ ಮೈಯೂ ತಿರುಗಿತ್ತು.

“ಅದೇನು, ಸುಣ್ಣನಾ?”

“ಉಪ್ಪು, ದೊಡ್ಡಮಾವ.”

“ಬರಿಗಾಲಾಗೆ ನಿಂತವ್ನಲ್ಲೋ! ಕಾಲು ಏನಾಗಬೇಕು?” ಅವರ ಕೈ ತಾನಾಗಿ ತಮ್ಮ ಪಾದದ ಮೇಲೆ ಹೋಯಿತು. “ಏನಂತಾನೆ ಅವ್ನು?”

“‘ಇಷ್ಟು ಉಪ್ಪು ತಿಂತೀರಲ್ಲ, ಒಂದು ಸಲನಾದ್ರೂ ಬಂದು ನನ್ನ ಕಾಲು ನೋಡ್ರಿ’ ಅಂತಾನೆ” ಎಂದರು ಅತ್ತೆ.

“ಅಲ್ಲಮ್ಮ. ಎಲೆ ಅಡಿಕೆ ಕೇಳ್ತಾವ್ನೆ. ಕೈ ಹೆಂಗೆ ಮಾಡ್ದ ನೋಡಲಿಲ್ವಾ?”

“ಉಪ್ಪಿನ ಮಧ್ಯದಾಗೆ ನಿಂತು ಎಲೆ ಅಡಿಕೆ ಯಾರು ಕೇಳ್ತಾರೆ ಭಾವ?”

“ನಾನು ಕೇಳ್ತೀನಿ. ಹೊಲದ ಮಧ್ಯ ನಿಂತು ಕೇಳಲ್ವಾ? ಗಂಡಸರ ವಿಷ್ಯ ನಿನಗೇನು ಗೊತ್ತು?”

“ನಿಮ್ಮ ತಮ್ಮನ ಜೊತೆ ಇಪ್ಪತ್ತೆಂಟು ವರ್ಷ ಏಗಿದೀನಿ. ಅಷ್ಟು ಗೊತ್ತು.”

ಅಷ್ಟರಲ್ಲಿ ಪರದೆಯ ಮೇಲಿನವನು ಸೊಂಟದಿಂದ ಒಂದು ಸಣ್ಣ ಚೀಲ ತೆಗೆದು, ಎಲೆ ಸುತ್ತಿ, ಬಾಯಿಗೆ ಹಾಕಿಕೊಂಡ. ದೊಡ್ಡಮಾವ ತೊಡೆ ತಟ್ಟಿದರು. ಅತ್ತೆ, “ಥೂ ನಿನ್ನ!” ಎಂದು ಟೀವಿಯನ್ನೇ ಬೈದರು. ನಾನು ನಕ್ಕುಬಿಟ್ಟೆ. ಸಣ್ಣ ನಗೆಯಲ್ಲ, ಓಣಿಗೆ ಕೇಳುವಂಥದ್ದು. ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದೆ.

ಇಬ್ಬರೂ ನನ್ನ ಕಡೆ ನೋಡಿದರು. ಟೀವಿಯ ಮೇಲಿನ ಗೋಡೆಯಲ್ಲಿ ಮೋಹನ್ ಇದ್ದರು. ದೊಡ್ಡಮಾವ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಬೈಯುತ್ತಾರೆಂದುಕೊಂಡೆ. ಮೆಟ್ಟು ಮೆಟ್ಟಿಕೊಳ್ಳುತ್ತ ಅವರು ಕೇಳಿದ್ದು ಇಷ್ಟೇ: “ಮುಂದಿನ ಭಾನುವಾರ ಏನೈತಮ್ಮ?”

ಆ ದಿನಕ್ಕಾಗಿ ನಾನು ಅವರಿಗೆ ಈಗಲೂ ಋಣಿ. ಬೈದಿದ್ದರೆ ಆ ನಗೆ ಅಲ್ಲಿಗೇ ನಿಲ್ಲುತ್ತಿತ್ತು. ನಗದೆ ಇರುವುದಕ್ಕೆ ನಾನು ಹೊಂದಿಕೊಂಡೂ ಬಿಡುತ್ತಿದ್ದೆ.

ಫೋಟೋದ ಬರಹಕ್ಕೆ ವಾರ ಉಳಿದಿತ್ತು. ತರಗತಿಯಲ್ಲಿ ಸರ್ ಹೇಳಿದ್ದರು: “ಚಿತ್ರದಲ್ಲಿರೋರು ಯಾರನ್ನು ನೋಡ್ತಿದಾರೆ ಅಂತ ಕೇಳ್ಕೊಳ್ಳಿ. ಎಲ್ಲರೂ ಕ್ಯಾಮೆರಾನೇ ನೋಡಲ್ಲ.” ನಮ್ಮ ಮದುವೆಯ ಆಲ್ಬಂ ಬೀರುವಿನಲ್ಲಿತ್ತು. ಹಳೆಯ ಪತ್ರಿಕೆಯಿಂದ ಕತ್ತರಿಸಿದ ಒಂದು ಒಳ್ಳೆಯ ಚಿತ್ರವೂ ಇತ್ತು. ಯಾವುದರ ಮುಂದೆ ಕೂರಬೇಕೆಂದು ನನಗೆ ಮೊದಲೇ ಗೊತ್ತಿತ್ತು. ಅದಕ್ಕೇ ಅತ್ತಿತ್ತ ಹುಡುಕುತ್ತಿದ್ದೆ.

ಭಾನುವಾರ ಬೆಳಿಗ್ಗೆ ಸ್ಟೂಲು ಹತ್ತಿ ಗೋಡೆಯ ಫೋಟೋ ಇಳಿಸಿದೆ. ಹೂವು ತೆಗೆದು ಬಾಗಿಲ ಬೆಳಕಿಗೆ ಹಿಡಿದೆ. ಅತ್ತೆ ಅಡುಗೆ ಮನೆಯಿಂದ ಬಂದು ಪಕ್ಕದಲ್ಲಿ ಕುಳಿತರು. ಏನು ಎತ್ತ ಎಂದು ಕೇಳಲಿಲ್ಲ.

ಫೋಟೋದಲ್ಲಿ ಮೋಹನ್ ಅವರ ಕಣ್ಣು ಕ್ಯಾಮೆರಾದ ಮೇಲಿರಲಿಲ್ಲ. ಸ್ವಲ್ಪ ಎಡಕ್ಕೆ, ಸ್ವಲ್ಪ ಕೆಳಕ್ಕೆ ಇತ್ತು. ಹುಬ್ಬು ಮೇಲೇರಿತ್ತು. ನೀಲಿ ಬಣ್ಣದ ಅಂಚಿನಲ್ಲಿ, ನಾಸಿರನ ಕತ್ತರಿ ಬಿಟ್ಟಿದ್ದ ಒಂದು ಹಸಿರು ಚೂರು ಇತ್ತು. ಅಂಗಿಯ ಗುಂಡಿಗೆ ತಾಗಿಕೊಂಡಂತೆ.

“ಏನಂತಾರೆ ಅತ್ತೆ?” ಎಂದೆ.

ದೋಣಿಯವನಿಗೆ, ಕನ್ನಡಿಯ ಸೊಸೆಗೆ, ಉಪ್ಪಿನವನಿಗೆ, ಎಲ್ಲರಿಗೂ ಮಾತು ಕೊಟ್ಟವರು ಆಗ ಕೊಡಲಿಲ್ಲ. ಗಾಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು.

“ಇದು ನಂಗೆ ಬ್ಯಾಡ. ಅವ್ನು ಯಾರನ್ನ ನೋಡ್ತಾವ್ನೋ ಅವ್ರು ಹೇಳ್ಲಿ.”

ಹಸಿರು ಚೂರು ಬಾಳೆ ಎಲೆಯದು. ಅಷ್ಟು ತಿಳಿದದ್ದೇ ತಡ, ಉಳಿದದ್ದೆಲ್ಲ ಬಂತು. ಹೊಸದುರ್ಗದಲ್ಲಿ ಅವರ ಗೆಳೆಯನ ಮದುವೆಯ ಊಟ. ಗಂಡಸರ ಸಾಲು ಆ ಕಡೆ, ನಮ್ಮ ಸಾಲು ಎದುರಿಗೆ. ನಾಸಿರ್ ನಡುವೆ ಬಗ್ಗಿ ಫೋಟೋ ಹೊಡೆಯುತ್ತಿದ್ದ. ಎಲ್ಲರೂ ತುತ್ತು ಕೈಯಲ್ಲೇ ಹಿಡಿದು ಗಂಭೀರವಾಗಿ ಕುಳಿತಿದ್ದರೆ ಇವರೊಬ್ಬರು ಅವನ ಪಕ್ಕದಿಂದ ನನ್ನ ಕಡೆ ನೋಡಿ ಪಿಸುಗುಟ್ಟುತ್ತಿದ್ದರು.

“‘ಅನ್ಸೂಯ, ಸೆರಗು! ಸಾರಿನಾಗೈತೆ!’”

ಹೇಳಿದ್ದು ನನ್ನ ಬಾಯಿ, ಆದರೆ ಧಾಟಿ ಅವರದು. ಅತ್ತೆ ನನ್ನನ್ನೇ ನೋಡಿದರು.

“ಏನು?”

“ನನ್ನ ಸೆರಗು ಸಾರಿನಲ್ಲಿ ಬಿದ್ದಿತ್ತು ಅತ್ತೆ. ಅದನ್ನು ಹೇಳ್ತಿದ್ರು.”

ಅತ್ತೆಗೆ ಮೊದಲು ನಗು ಬಂತು. ಇಷ್ಟು ತಿಂಗಳು ಊರವರೆಲ್ಲ ಸಾಲಾಗಿ ಬಂದು ಕೈ ಮುಗಿದದ್ದು, ದೊಡ್ಡಮಾವ ಶಿವಾ ಅಂದಂಗೈತೆ ಎಂದು ಕಣ್ಣೊರೆಸಿಕೊಂಡದ್ದು, ಎಲ್ಲ ಈ ಸಾರಿನ ಮುಂದೆ. ಅವರು ನಗುತ್ತ ನಗುತ್ತ ಗೋಡೆಗೆ ಒರಗಿದರು. ನಾನು ನಗಲು ಹೋದೆ, ಬಂದದ್ದು ಅಳು. ತಿಥಿಯ ದಿನವೂ ಬಾರದೆ ಇದ್ದದ್ದು. ಅತ್ತೆ ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡರು. ಬೀದಿ ಬಾಗಿಲು ತೆರೆದೇ ಇತ್ತು.

ಎಷ್ಟೋ ಹೊತ್ತಿನ ಮೇಲೆ ಅವರು ಮೆಲ್ಲಗೆ ಹೇಳಿದರು, “ನಾನು ಇಷ್ಟು ದಿನ ‘ಅವ್ವಾ’ ಅಂತಾವ್ನೆ ಅನ್ಕಂಡಿದ್ದೆ.”

ನಾನು ತಲೆ ಎತ್ತಿದೆ. ಹೇಳಬಾರದಿತ್ತು ಎನಿಸಿತು.

“ಅಯ್ಯೋ, ಬಿಡು” ಎಂದರು. ಫೋಟೋ ಎತ್ತಿಕೊಂಡು ಮಗನ ಮುಖವನ್ನು ಇನ್ನೊಮ್ಮೆ ನೋಡಿದರು. “ಸಾರು ಚೆನ್ನಾಗಿತ್ತಾ?”

“ಚೆನ್ನಾಗಿತ್ತು ಅತ್ತೆ.”

“ಅಷ್ಟು ಸಾಕು.”

ಆ ಬರಹ ಒಂದು ಪುಟವನ್ನೂ ತುಂಬಲಿಲ್ಲ. ಈ ಚಿತ್ರದಲ್ಲಿರುವವರು ಏನು ಹೇಳುತ್ತಿದ್ದಾರೆಂದು ನನ್ನ ಅತ್ತೆ ಒಂದು ಬಗೆಯಾಗಿ ಕೇಳಿಸಿಕೊಂಡಿದ್ದಾರೆ, ನಾನು ಇನ್ನೊಂದು ಬಗೆಯಾಗಿ ಕೇಳಿಸಿಕೊಂಡಿದ್ದೇನೆ, ಎರಡಕ್ಕೂ ಸಾಕಾಗುವಷ್ಟು ಬಾಯಿ ತೆರೆದಿದೆ ಎಂದು ಬರೆದೆ. ಸೆರಗಿನ ವಿಷಯ ಬರೆದೆ. ನೋಡುವಾಗ ನನಗೇನಾಯಿತು ಎಂಬುದನ್ನು ಕೊನೆಯ ಸಾಲಿನಲ್ಲಿ ಬರೆದೆ. ಚಿತ್ತಯ್ಯ ಸರ್ ಅದನ್ನು ನನ್ನೆದುರಿಗೇ ಓದಿ, ಪೆನ್ನಿನ ಮುಚ್ಚಳ ತೆಗೆದು, ಸಹಿ ಹಾಕಿದರು.

ಫೋಟೋವನ್ನು ನಾವು ಇಳಿಸಿದ ಭಾನುವಾರವೇ ಮತ್ತೆ ಅದೇ ಗೋಡೆಗೆ ಹಾಕಿದ್ದೆವು. ಆ ಮಧ್ಯಾಹ್ನ ದೊಡ್ಡಮಾವ ಬಿ. ದುರ್ಗದಿಂದ ಹೇಳಿದ ಸಮಯಕ್ಕೆ ಸರಿಯಾಗಿ ಬಂದು, ಎಂದಿನಂತೆ ಅದಕ್ಕೆ ಕೈ ಮುಗಿದು, ಟೀವಿಗೆ ಮುಖ ಮಾಡಿ ಕುಳಿತರು. ಅತ್ತೆ ನನ್ನ ಕಡೆ ನೋಡಿ ತುಟಿ ಬಿಗಿಹಿಡಿದರು. ಸಾರಿನ ವಿಷಯ ಹೇಳಬೇಡ ಎಂದು ಅದರ ಅರ್ಥ. ನಾನು ಹೇಳಲಿಲ್ಲ. ಎದ್ದು ಟೀವಿ ಹಾಕಿದೆ, ಸದ್ದಿಲ್ಲದೆ.