ತಗಡಿನ ಮೂಲೆಯಲ್ಲಿದ್ದ ಹೆಸರು

ಬಂದರಿನ ಕಡೆಯಿಂದ ಆಮ್ಸ್ಟರ್‌ಡ್ಯಾಮ್ ಹೇಗೆ ಕಾಣುತ್ತದೋ ಅದಕ್ಕಿಂತ ಚೆನ್ನಾಗಿ ಮುದುಕ ಲುಬ್ಬರ್ಟ್ ಅದನ್ನು ತಾಮ್ರದ ಮೇಲೆ ಕೊರೆದಿದ್ದ. ನಾಲ್ಕು ತಗಡುಗಳನ್ನು ಅಚ್ಚೊತ್ತಿ ಹಾಳೆಗಳನ್ನು ಅಂಟಿಸಿದರೆ ಗೋಡೆಯುದ್ದದ ಊರು: ಚರ್ಚಿನ ಗೋಪುರ, ಉಗ್ರಾಣ, ಒತ್ತೊತ್ತಾಗಿ ನಿಂತ ಹಡಗಿನ ಕಂಬಗಳು. ಮುಂದೆಲ್ಲ ನೀರು. ಊರನ್ನು ಯಾರು ಬೇಕಾದರೂ ಕೊರೆದಾರು, ಆ ನೀರು ಮಾತ್ರ ಅವನೊಬ್ಬನದು. ಅದು ಅವನ ಕಣ್ಣುಗಳನ್ನು ತಿಂದುಹಾಕಿತ್ತು. ಇನ್ನೊಂದು ಚಿತ್ರದ ಮಾತೇ ಇರಲಿಲ್ಲ. ಕೊನೆಯ ತಗಡಿನ ಮೂಲೆಯಲ್ಲಿ, ನೀರಿಗೆ ತಾಗಿಕೊಂಡು, ಸಣ್ಣಗೆ ತನ್ನ ಹೆಸರು ಹಾಕಿಕೊಂಡಿದ್ದ.

ಅಚ್ಚಿನ ಅಂಗಡಿಯ ಧಣಿ ರೈನಿಯರ್‌ಗೆ ಹೆಸರಿನ ಆ ಜಾಗ ಅಳಿಯನಿಗಾಗಿ ಬೇಕಾಗಿತ್ತು. ಅಳಿಯ ಫ್ಲೋರಿಸ್ ಉಪ್ಪುಮೀನಿನ ವ್ಯಾಪಾರದ ಮನೆಯವನು. ಉಳಿ ಹಿಡಿದದ್ದೇ ಮದುವೆಯಾದ ಮೇಲೆ. ಚಿತ್ರ ನಗರಸಭೆಯ ಹಿರಿಯರಿಗೆ ಹೋಗುವುದಿತ್ತು. ಅಳಿಯ ಹೆಸರು ಮಾಡಲು ಬೇರೆ ದಾರಿಯಿಲ್ಲವೆಂದು ಮಾವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

"ಅಜ್ಜ, ಆ ಹೆಸರು ಹೆರೆದುಹಾಕು," ಅಂದ ರೈನಿಯರ್.

"ನಾನಿರೋ ಅಟ್ಟದ ಕೋಣೆ ಖಾಲಿ ಮಾಡು ಅನ್ನಿ ಧಣಿ, ಮಾಡ್ತೀನಿ. ಇದೊಂದು ಆಗೋದಿಲ್ಲ."

"ಸರಿ ಬಿಡು. ಫ್ಲೋರಿಸ್, ನೀನೇ ಹೆರಿ."

ಅಚ್ಚಿನ ಮಸಿ ಕಲಸುತ್ತಿದ್ದ ಅಂಗಡಿಯ ಆಳು ನಾನು, ಕೈ ನಿಲ್ಲಿಸಿದೆ. ಫ್ಲೋರಿಸ್ ಅಲಗನ್ನು ಮೀನಿನ ಹುರುಪೆ ತೆಗೆಯುವವನಂತೆ ಹಿಡಿದು ಎಳೆದ. ಅದು ಹೆಸರಿನ ಮೇಲೆ ಜಾರಿ ನೀರಿನ ಅಂಚಿಗೆ ಬಂದು ನಿಂತಿತು.

"ನೀರು! ಲೋ, ನೀರು!" ಲುಬ್ಬರ್ಟ್ ಕೂಗಿಕೊಂಡ. ಕಾಣದಿದ್ದರೂ ಸದ್ದಿನಲ್ಲೇ ಅವನಿಗೆ ತಿಳಿದಿತ್ತು.

"ನಾಲ್ಕು ಅಲೆ ಹೋದ್ರೆ ಯಾರೂ ಮುಳುಗಲ್ಲ," ರೈನಿಯರ್ ಹೇಳಿದ್ದು ಅಳಿಯನಿಗೆ, ನೋಡುತ್ತಿದ್ದದ್ದು ಮುದುಕನನ್ನು. "ಇನ್ನೂ ಒತ್ತಿ ಎಳಿ."

ಫ್ಲೋರಿಸ್ ಮತ್ತೆ ಅಲಗು ಊರಿದ. ಲುಬ್ಬರ್ಟ್ ತಡಕಾಡಿ ಅವನ ಮಣಿಕಟ್ಟು ಹಿಡಿದುಕೊಂಡ.

"ಕೊಡಪ್ಪ ಇಲ್ಲಿ."

ತನ್ನ ಹೆಸರನ್ನು ತಾನೇ ಹೆರೆದ. ತಗಡು ಮಗುಚಿ, ಹಿಂದಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ತಗ್ಗನ್ನು ಎಬ್ಬಿಸಿದ. ಎಣ್ಣೆ ಬಿಟ್ಟು ತಿಕ್ಕಿದ. ಒಂದು ಅಲೆಯೂ ಕದಲಲಿಲ್ಲ.

"ಹಾಗೇ ಇವನ ಹೆಸರೂ ಕೊರೆದುಬಿಡು," ಅಂದ ರೈನಿಯರ್. "ಅಕ್ಷರ ತಿರುವಿ ಕೊರೆಯೋದು ಇವನಿಗೆ ಬರಲ್ಲ, ಅಚ್ಚಲ್ಲಿ ಹಿಂದುಮುಂದಾಗಿ ಬರುತ್ತೆ."

ಬೆರಳಲ್ಲಿ ಅಳೆದು ಅದನ್ನೂ ಕೊರೆದ. ಕೆಟ್ಟ ಅಕ್ಷರ ಕೊರೆಯುವುದು ಅವನಿಗೆ ಬರುತ್ತಿರಲಿಲ್ಲ.

ನಾನು ಅಚ್ಚು ತೆಗೆದೆ. "ಹಳೇ ಗೀರೇನಾದ್ರೂ ಕಾಣ್ತದಾ?" ಎಂದು ಲುಬ್ಬರ್ಟ್ ಕೇಳಿದ.

"ಇಲ್ಲ ಅಜ್ಜ. ಏನೂ ಕಾಣಲ್ಲ."

ಅವನ ಮುಖ ಅರಳಿತು.

ಹಿರಿಯರು ಬಂದರು. ಕೈಯಿಟ್ಟರೆ ಒದ್ದೆಯಾದೀತು, ಅಂಥಾ ನೀರು, ಎಂದು ಹೊಗಳಿದರು. ಫ್ಲೋರಿಸ್ ಟೋಪಿ ತೆಗೆದು ಬಾಗಿದ.

"ಆ ಮುದುಕ ಯಾರು?" ಒಬ್ಬರು ಕೇಳಿದರು.

"ಅವನಾ? ತಗಡು ತಿಕ್ಕೋನು," ಅಂದ ರೈನಿಯರ್.

"ಹೌದು ಸ್ವಾಮಿ," ಅಂದ ಲುಬ್ಬರ್ಟ್, ದನಿ ಬಂದ ಕಡೆಗೆ ತಿರುಗಿ. "ಚೆನ್ನಾಗಿ ತಿಕ್ತೀನಿ."