ಮೂರೂ ಒಂದೇ ಅಚ್ಚು

ಶಾಲೆಯ ನಿಯಮಗಳ ಪುಸ್ತಕವನ್ನು ನಾನು ಹೊಲಿಗೆ ಮಷಿನ್ನಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ, ಬಾಬಿನ್ನುಗಳ ಜೊತೆ. ಮೂವತ್ತೆರಡು ಪುಟ. ಉಗುರು ಎಷ್ಟುದ್ದ ಇರಬೇಕು, ನೀರಿನ ಬಾಟಲಿಯ ಮೇಲೆ ಹೆಸರು ಎಲ್ಲಿ ಬರೆಯಬೇಕು, ಜ್ವರ ಬಿಟ್ಟ ಎಷ್ಟು ದಿನಕ್ಕೆ ಮಗುವನ್ನು ಕಳಿಸಬಹುದು, ಗೇಟಿನ ಮುಂದೆ ಸ್ಕೂಟರು ಎಷ್ಟು ನಿಮಿಷ ನಿಲ್ಲಬಹುದು, ಎಲ್ಲಕ್ಕೂ ಒಂದೊಂದು ನಿಯಮ. ಪ್ರತಿ ವಾಕ್ಯವೂ ‘ತಕ್ಕದ್ದು’ ಎಂದು ಮುಗಿಯುತ್ತದೆ. ನಾನು ಅದನ್ನು ಬೈದುಕೊಂಡೇ ಪೂರ್ತಿ ಓದಿದ್ದೇನೆ. ಬೈಯುವುದಕ್ಕಾದರೂ ಓದಬೇಕಲ್ಲ.

ನಮ್ಮ ಕೊರಳಿಗೆ ಸುತ್ತಿಕೊಂಡದ್ದು ಹದಿನಾಲ್ಕನೆಯ ನಿಯಮ. ಎರಡನೇ ತರಗತಿಯಿಂದ ಮಕ್ಕಳು ದಿನಾ ಮನೆಯಲ್ಲಿ ಇಪ್ಪತ್ತು ನಿಮಿಷ ಗಟ್ಟಿಯಾಗಿ ಓದತಕ್ಕದ್ದು. ಕೇಳಿಸಿಕೊಂಡ ಪೋಷಕರು ಡೈರಿಯ ಚೌಕದಲ್ಲಿ ಅದೇ ದಿನ ಸಹಿ ಮಾಡತಕ್ಕದ್ದು. ಮಗುವನ್ನು ಸೇರಿಸಿದ ದಿನ ಮಾದರಿ ಸಹಿ ಕೊಟ್ಟವರ ಸಹಿಗೆ ಮಾತ್ರ ಬೆಲೆ. ಒಂದು ಅವಧಿಯಲ್ಲಿ, ಅಂದರೆ ಒಂದು ಟರ್ಮಿನಲ್ಲಿ, ಎರಡಕ್ಕಿಂತ ಹೆಚ್ಚು ಚೌಕ ಖಾಲಿ ಬಿದ್ದರೆ ಆ ಮಗು ಓದಿನ ದಿನ ಎಲ್ಲರ ಮುಂದೆ ಓದಲು ವೇದಿಕೆ ಹತ್ತುವಂತಿಲ್ಲ.

ಮಾದರಿ ಸಹಿ ಯಾರದ್ದು ಎಂದು ಗುಮಾಸ್ತೆ ಕೇಳಿದಾಗ ಪೆನ್ನನ್ನು ಗಂಡನ ಕಡೆ ತಳ್ಳಿದವಳು ನಾನೇ. ನನ್ನ ಅಕ್ಷರ ಕೋಳಿ ಕೆದಕಿದ ಹಾಗೆ. ಅವರದು ದುಂಡಗೆ, ಅಂದವಾಗಿ ಇರುತ್ತದೆ. ಅಂದ ನೋಡಿ ಆರಿಸಿದೆ. ಸೂಜಿ ಹಿಡಿಯುವವರಿಗೆ ಇದೊಂದು ರೋಗ.

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುತ್ತಾರೆ. ಪ್ರತಿ ಲಿಫ್ಟಿನೊಳಗೆ ಒಂದು ಕಾರ್ಡು ಇರುತ್ತದೆ. ತಿಂಗಳಿಗೊಮ್ಮೆ ಹಗ್ಗ, ಬ್ರೇಕು, ಬಾಗಿಲು ನೋಡಿ ಅದರಲ್ಲಿ ಸಹಿ ಹಾಕಬೇಕು. ಹಿಂದೆ ಅವರ ಜೊತೆಗಾರನೊಬ್ಬ ಕೆಳಗೆ ಚಹಾ ಕುಡಿಯುತ್ತಲೇ ಸಹಿ ಹಾಕಿದ ಲಿಫ್ಟು ಎರಡು ಮಹಡಿ ಜಾರಿ ಒಬ್ಬ ಹೆಂಗಸಿನ ಕಾಲು ಮುರಿಯಿತು. ಆವತ್ತಿನಿಂದ ಇವರು ಕಣ್ಣಾರೆ ನೋಡದ ಯಾವುದಕ್ಕೂ ಸಹಿ ಹಾಕುವುದಿಲ್ಲ. ಕೊರಿಯರ್ ಹುಡುಗ ಬಂದರೂ ಪೊಟ್ಟಣ ಬಿಚ್ಚಿ ನೋಡಿದ ಮೇಲೇ ಸಹಿ. ಅವನು ನಮ್ಮ ಬಾಗಿಲಲ್ಲಿ ಕೂತು ಊಟ ಮುಗಿಸಿ ಹೋಗಬಹುದು, ಅಷ್ಟು ಹೊತ್ತು.

ಡೈರಿಗೂ ಅದೇ ಕಾನೂನು. ಎಲ್ಲೋ ಲಿಫ್ಟು ಕೆಟ್ಟು ನಿಂತು ತಡವಾಗಿ ಬಂದ ದಿನ ಮಗಳು ಮಲಗಿರುತ್ತಾಳೆ. ಆ ದಿನದ ಚೌಕ ಖಾಲಿ. ಕೇಳಿದ್ದು ನಾನು, ನೀವು ಒಂದು ಗೀಚಿ, ನಿಮ್ಮ ಗಂಟೇನು ಹೋಗುತ್ತೆ ಎಂದು ನಾನು ಎಷ್ಟು ಸಲ ಜಗಳ ಆಡಿದೆನೋ. ಅವರದು ಒಂದೇ ಮಾತು: ನಾನು ಕೇಳಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು. ಮಾದರಿ ಸಹಿಯನ್ನು ನನ್ನ ಹೆಸರಿಗೆ ಬದಲಾಯಿಸಿ ಎಂದು ಶಾಲೆಗೆ ಹೋಗಿ ಕೇಳಿದರೆ, ಅದು ವರ್ಷದ ಮೊದಲ ವಾರದಲ್ಲಿ ಮಾತ್ರ ಎಂದರು.

ಪಕ್ಕದ ಮನೆಯಲ್ಲಿ ಇದೇ ತರಗತಿಯ ಹುಡುಗನಿದ್ದಾನೆ. ಅವನಪ್ಪ ತಿಂಗಳ ಮೊದಲ ಭಾನುವಾರ ಪೇಪರು ಓದುತ್ತಾ ಮೂವತ್ತು ಚೌಕಕ್ಕೂ ಒಟ್ಟಿಗೆ ಸಹಿ ಹಾಕಿಬಿಡುತ್ತಾರೆ. ಆ ಡೈರಿಯಲ್ಲಿ ಒಂದು ಚೌಕವೂ ಖಾಲಿ ಇಲ್ಲ. ಆ ಹುಡುಗ ಓದುವ ಸದ್ದನ್ನು ನಾನು ಗೋಡೆಯಾಚೆಯಿಂದ ಒಂದು ದಿನವೂ ಕೇಳಿದವಳಲ್ಲ.

ನಮ್ಮ ಮಗಳನ್ನು ಎಲ್ಲರೂ ಗುಂಡಿ ಎನ್ನುತ್ತಾರೆ. ಹತ್ತು ತಿಂಗಳ ಕೂಸಾಗಿದ್ದಾಗ ನನ್ನ ಡಬ್ಬಿಯಿಂದ ಕೋಟಿನ ಗುಂಡಿಯೊಂದನ್ನು ನುಂಗಿ ನಮ್ಮ ಜೀವ ತೆಗೆದಿದ್ದಳು. ಸಂಜೆ ಅವಳು ಮಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು ಓದುತ್ತಾಳೆ, ನಾನು ಹೊಲಿಯುತ್ತೇನೆ. ಅವಳು ತಪ್ಪು ಓದಿದರೆ ನಾನು ಬಾಯಿ ಬಿಡುವುದಿಲ್ಲ, ಪೆಡಲಿನಿಂದ ಕಾಲು ತೆಗೆಯುತ್ತೇನೆ. ಮಷಿನ್ನು ನಿಂತಿತೆಂದರೆ ಅವಳಿಗೆ ಗೊತ್ತು, ಹಿಂದಿನ ಸಾಲಿಗೆ ಹೋಗುತ್ತಾಳೆ. ಸರಿಯಾಗಿ ಓದಿದ ಮೇಲೆ ಮತ್ತೆ ಕಾಲು ಇಡುತ್ತೇನೆ. ಅವಧಿಯ ಶುರುವಿನಲ್ಲಿ ಒಂದು ತೋಳು ಜೋಡಿಸುವಷ್ಟರಲ್ಲಿ ಹತ್ತು ಸಲ ನಿಲ್ಲಿಸುತ್ತಿದ್ದೆ. ಕೊನೆಕೊನೆಗೆ ಇಡೀ ಅಂಗಿ ಮುಗಿಯುತ್ತಿತ್ತು.

ಓದಿನ ದಿನಕ್ಕೆ ಅವಳು ಬಸವನಹುಳು ಗೋಡೆ ಹತ್ತುವ ಪುಟವನ್ನು ಆರಿಸಿಕೊಂಡಿದ್ದಳು. ಇಸ್ತ್ರಿ ಮೇಜನ್ನು ಪ್ರೇಕ್ಷಕರನ್ನಾಗಿ ಮಾಡಿಕೊಂಡು, ಅದಕ್ಕೆ ನಮಸ್ಕಾರ ಹೇಳಿ ಓದುತ್ತಿದ್ದಳು. ನಾನು ಅವಳಿಗೆ ತಿಳಿನೀಲಿ ಫ್ರಾಕು ಹೊಲಿದೆ. ಡೈರಿ ಒಪ್ಪಿಸಲು ಎರಡು ದಿನ ಇದೆ ಎನ್ನುವಾಗ ತೆರೆದು ಎಣಿಸಿದರೆ ಖಾಲಿ ಚೌಕ ಐದು.

ಮೂರು ಚೌಕ ತುಂಬಿದರೆ ಸಾಕು, ಉಳಿದ ಎರಡಕ್ಕೆ ಮಾಫಿ ಇದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಲೆಕ್ಕ ಹಾಕಿದೆ. ಭಾನುವಾರ ಬೆಳಗ್ಗೆ ಗಂಡ ತರಕಾರಿಗೆ ಹೋದಾಗ ಅವರ ಸಹಿಗಳಲ್ಲೇ ಚೆನ್ನಾಗಿ ಬಂದಿದ್ದ ಒಂದನ್ನು ಹುಡುಕಿದೆ. ಹೂವಿನ ನಕ್ಷೆ ಬಟ್ಟೆಗೆ ಇಳಿಸುವ ತೆಳು ಕಾಗದದಲ್ಲಿ ಅದನ್ನು ಎತ್ತಿಕೊಂಡು ಮೂರು ಚೌಕಕ್ಕೂ ಇಳಿಸಿ, ಮೇಲೆ ಪೆನ್ನು ಆಡಿಸಿದೆ. ಕಾಲರಿನ ಎಡ ತುದಿಗೂ ಬಲ ತುದಿಗೂ ಒಂದು ದಾರದ ವ್ಯತ್ಯಾಸ ಬಿಡದ ಕೈ ಇದು. ಮುಗಿಸಿ ನೋಡಿದಾಗ, ನಾಚಿಕೆ ಇಲ್ಲದೆ ಹೇಳುತ್ತೇನೆ, ಹೆಮ್ಮೆಯಾಯಿತು.

ಗುಂಡಿ ಹಿಂದೆ ನಿಂತು ನೋಡುತ್ತಿದ್ದಳು.

“ಅವತ್ತು ಕೇಳಿದ್ದು ನೀನಲ್ವಾಮ್ಮ? ಅಪ್ಪನ ಹೆಸರು ಯಾಕೆ ಬರೀತೀಯ?”

ಶಾಲೆಗೆ ಅಪ್ಪನದೇ ಬೇಕಂತೆ ಎಂದೆ. ಯಾರಿಗೂ ಹೇಳಬೇಡ ಎಂದೂ ಹೇಳಿದೆ. ಅವಳು ತಲೆಯಾಡಿಸಿ ಹೊರಗೆ ಆಡಲು ಹೋದಳು.

ಬುಧವಾರ ಶಾಲೆಯಿಂದ ಫೋನು. ಇಬ್ಬರೂ ಬರಬೇಕು, ಈಗಲೇ. ಅವರು ಎಣ್ಣೆ ಕೈ ಒರೆಸಿಕೊಂಡು ಕೆಲಸದಿಂದ ನೇರ ಬಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ದಾರಿಯುದ್ದಕ್ಕೂ ಬೆರಳು ನೋಡಿಕೊಳ್ಳುತ್ತಿದ್ದೆ, ಎಲ್ಲಿ ಮಸಿ ಉಳಿದಿದೆಯೋ ಎಂದು.

ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಮೇಜಿನ ಮೇಲೆ ಡೈರಿ ತೆರೆದಿತ್ತು. ಪಕ್ಕದಲ್ಲಿ ಕ್ಲಾಸ್ ಟೀಚರು. ಬೀರುವಿಗೆ ಒರಗಿಕೊಂಡು ಗುಂಡಿ, ಕಣ್ಣು ಶೂಗಳ ಮೇಲೆ. ಟೀಚರು ತೆಳು ಹಾಳೆಯ ಮೇಲೆ ಒಂದು ಸಹಿ ಎತ್ತಿಕೊಂಡಿದ್ದರು. ಅದನ್ನು ಇನ್ನೊಂದರ ಮೇಲೆ ಇಟ್ಟರು, ಮತ್ತೊಂದರ ಮೇಲೆ ಇಟ್ಟರು. ಬಾಲದ ತುದಿಯ ಚುಕ್ಕೆ ಕೂಡ ಒಂದೇ ಜಾಗದಲ್ಲಿ ಕೂತಿತು. ಯಾರೂ ಮೂರು ದಿನ ಹೀಗೆ ಒಂದೇ ಅಚ್ಚಿನ ಸಹಿ ಹಾಕುವುದಿಲ್ಲ ಎಂದರು. ಸ್ವಲ್ಪ ಸೊಟ್ಟ ಬರೆದಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ. ಸೊಟ್ಟ ಮಾಡುವುದು ನನಗೆ ಗೊತ್ತೇ ಇಲ್ಲ.

ಮುಖ್ಯೋಪಾಧ್ಯಾಯಿನಿ ನನ್ನ ಗಂಡನನ್ನು ಕೇಳಿದರು. ಅವರು ಡೈರಿಯನ್ನು ಬೆಳಕಿಗೆ ಹಿಡಿದು, ಮೂರೂ ಚೌಕವನ್ನು ನಿಧಾನವಾಗಿ ನೋಡಿ, ಇದು ನನ್ನದಲ್ಲ ಎಂದರು. ಅವರಿಂದ ಬೇರೆ ಉತ್ತರ ಹೊರಡುವ ಹಾಗೇ ಇರಲಿಲ್ಲ.

“ನಾವೂ ಹಾಗೇ ಅಂದ್ಕೊಂಡ್ವಿ. ಬೆಳಗ್ಗೆಯಿಂದ ಕೇಳ್ತಿದೀವಿ, ಬಾಯೇ ಬಿಡ್ತಿಲ್ಲ ಮಗು,” ಎಂದರು ಮುಖ್ಯೋಪಾಧ್ಯಾಯಿನಿ.

ಆಗ ನನಗೆ ಅರ್ಥವಾಯಿತು. ಸಹಿ ಹಾಕಿದ್ದು ಗುಂಡಿ ಎಂದು ಇವರು ಅವಳನ್ನು ಹಿಡಿದುಕೊಂಡಿದ್ದಾರೆ.

ಮುಖ್ಯೋಪಾಧ್ಯಾಯಿನಿ ಇಪ್ಪತ್ತೆರಡನೆಯ ನಿಯಮ ಓದಿದರು. ಪೋಷಕರ ಸಹಿಯನ್ನು ತಾನೇ ಹಾಕಿದ ವಿದ್ಯಾರ್ಥಿಯ ಹೆಸರು ದಾಖಲೆಯಲ್ಲಿ ನಮೂದಾಗುತ್ತದೆ. ವರ್ಷವಿಡೀ ಯಾವ ವೇದಿಕೆಯೂ ಇಲ್ಲ. ಓದುವಾಗ ಅವರ ಕೈ ಪುಸ್ತಕದ ಮೇಲೆ ಆಡುತ್ತಿತ್ತು. ನಾನು ಅವರ ಮುಖ ನೋಡಲಾಗದೆ ತೋಳಿನ ಅಂಚು ನೋಡುತ್ತಿದ್ದೆ. ಆ ಅಂಚನ್ನು ಹೋದ ತಿಂಗಳು ಮಡಚಿ ಹೊಲಿದವಳು ನಾನೇ. ಟೀಚರ ಅಂಗಿಯೂ ನನ್ನದೇ ಹೊಲಿಗೆ. ಅರ್ಧ ಶಾಲೆ ನನ್ನ ಗಿರಾಕಿ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾನು ತಕ್ಷಣ ಬಾಯಿ ಬಿಡಲಿಲ್ಲ. ಏಳು ವರ್ಷದ ಮಗು ಮಾಡಿದರೆ ಅದು ಚೇಷ್ಟೆ, ನಾನು ಮಾಡಿದರೆ ಕಳ್ಳತನ ಎಂದು ಮನಸ್ಸು ಹೇಳಿತು. ಮನೆಗೆ ಹೋಗಿ ಅವಳನ್ನು ಸಮಾಧಾನ ಮಾಡಿದರಾಯಿತು, ಮಕ್ಕಳು ಮರೆಯುತ್ತಾರೆ ಎಂದೂ ಹೇಳಿತು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ಬಹಳವೇನೂ ಇರಲಾರದು, ಆದರೆ ನಿಂತಿದ್ದೆ. ಗುಂಡಿ ನನ್ನ ಕಡೆ ನೋಡಲೇ ಇಲ್ಲ. ನೋಡಿದರೆ ನನ್ನ ಗುಟ್ಟು ರಟ್ಟಾದೀತು ಎಂದು ಅವಳು ಶೂ ನೋಡುತ್ತಿದ್ದಾಳೆ ಎನ್ನುವುದು ಹೊಳೆದಾಗ ನನಗೆ ನಿಲ್ಲಲಾಗಲಿಲ್ಲ.

“ನಾನು ಹಾಕಿದ್ದು ಮೇಡಂ. ಅವಳಿಗೂ ಅದಕ್ಕೂ ಸಂಬಂಧ ಇಲ್ಲ.”

ಟೀಚರು ಹಾಳೆಯನ್ನು ಕೆಳಗಿಟ್ಟರು. ಮುಖ್ಯೋಪಾಧ್ಯಾಯಿನಿ ಮತ್ತೆ ಪುಸ್ತಕ ತೆರೆದು ಮುಂದೆ ಹಿಂದೆ ಪುಟ ತಿರುವಿದರು. ಮಗು ಮಾಡಿದರೆ ಏನು ಎಂದು ಬರೆದಿತ್ತು. ತಾಯಿ ಮಾಡಿದರೆ ಏನು ಎಂದು ಬರೆದಿರಲಿಲ್ಲ. ಸ್ಕೂಟರಿಗೂ ನಿಯಮ ಬರೆದವರಿಗೆ ಇದೊಂದು ಹೊಳೆದಿರಲಿಲ್ಲ.

ನನ್ನ ಗಂಡ ಇಲ್ಲೇ ಬೈಯುತ್ತಾರೆ, ಇಲ್ಲವೇ ಮನೆಯಲ್ಲಿ ಮಾತು ನಿಲ್ಲಿಸುತ್ತಾರೆ ಎಂದು ನಾನು ಕಾಯುತ್ತಿದ್ದೆ. ಅವರು ಜೇಬಿನಿಂದ ಪೆನ್ನು ತೆಗೆದು ಮೂರೂ ಚೌಕದ ಮೇಲೆ ಒಂದೊಂದು ಗೆರೆ ಎಳೆದರು. ಪಕ್ಕದಲ್ಲಿ ‘ನೋಡಿದೆ, ನನ್ನದಲ್ಲ’ ಎಂದು ಬರೆದು ಆ ದಿನದ ತಾರೀಖು ಹಾಕಿದರು, ಲಿಫ್ಟಿನ ಕಾರ್ಡಿನಲ್ಲಿ ತಪ್ಪು ತಿದ್ದುವ ಹಾಗೆ. ಆಮೇಲೆ ಡೈರಿಯನ್ನು ಮುಖ್ಯೋಪಾಧ್ಯಾಯಿನಿಯ ಕಡೆ ತಿರುಗಿಸಿದರು.

“ಈ ಐದು ದಿನ ಕೇಳಿದ್ದು ಇವಳು. ನಾನು ಸಹಿ ಹಾಕಿದ ದಿನಗಳಲ್ಲೂ ಮೊದಲು ಕೇಳಿದ್ದು ಇವಳೇ, ನಾನು ಬಂದ್ಮೇಲೆ ಮಗು ನನಗೋಸ್ಕರ ಇನ್ನೊಂದ್ಸಲ ಓದ್ತಿತ್ತು. ನಿಮಗೆ ಬೇಕಾಗಿರೋದು ಕೇಳಿದವರ ಸಹಿ ತಾನೆ ಮೇಡಂ?”

ಮದುವೆಯಾಗಿ ಹನ್ನೊಂದು ವರ್ಷವಾಯಿತು, ಆ ಮನುಷ್ಯ ಒಂದೇ ಉಸಿರಿನಲ್ಲಿ ಇಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಇಷ್ಟು ದಿನ ಸಹಿ ಹಾಕದೆ ಸತಾಯಿಸುತ್ತಾರೆ ಎಂದು ನಾನು ಕೂಗಾಡುತ್ತಿದ್ದೆ. ಕೇಳಿದವಳು ನಾನು ಎನ್ನುವುದನ್ನು ಅವರು ಆ ಖಾಲಿ ಚೌಕಗಳಲ್ಲಿ ಉಳಿಸಿಟ್ಟಿದ್ದರು. ಅದನ್ನು ಅಳಿಸಿ ಅವರ ಹೆಸರು ಬರೆದವಳು ನಾನು.

ಮುಖ್ಯೋಪಾಧ್ಯಾಯಿನಿ ಕೆಟ್ಟವರಲ್ಲ. ಪುಸ್ತಕ ಮುಚ್ಚಿಟ್ಟು, ಮಗುವಿನ ದಾಖಲೆಯಲ್ಲಿ ಏನನ್ನೂ ಬರೆಯುವುದಿಲ್ಲ, ಮುಂದಿನ ವರ್ಷದ ಫಾರಮಿನಲ್ಲಿ ಇಬ್ಬರ ಸಹಿಗೂ ಜಾಗ ಮಾಡಿಸುತ್ತೇನೆ ಎಂದರು. ಆದರೆ ಈ ಸಲದ ಲೆಕ್ಕಕ್ಕೆ ಖಾಲಿ ಚೌಕ ಐದು. ವೇದಿಕೆಯ ಪಟ್ಟಿ ಆ ಲೆಕ್ಕದ ಮೇಲೇ ಆಗುತ್ತದೆ, ಒಬ್ಬರಿಗೆ ಬಿಟ್ಟರೆ ನಾಳೆ ಬಾಗಿಲಲ್ಲಿ ಐವತ್ತು ಜನ ನಿಲ್ಲುತ್ತಾರೆ ಎಂದರು. ಗುಂಡಿಯನ್ನು ಕರೆದು ತಲೆ ಸವರಿದರು. ನಾನು ಹೋಗಬಹುದಾ ಎಂದು ಅವಳು ಕೇಳಿದಳು.

ದಾರಿಯಲ್ಲಿ ನನ್ನ ಗಂಡ ಸ್ಕೂಟರು ತಳ್ಳಿಕೊಂಡು ಮುಂದೆ ನಡೆದರು. ನಾನು ಅವಳ ಬ್ಯಾಗು ಹಿಡಿದು ಹಿಂದೆ. ಬೆಳಗ್ಗೆಯಿಂದ ಅಷ್ಟು ಕೇಳಿದರೂ ಅಮ್ಮ ಹಾಕಿದ್ದು ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಯಾರಿಗೂ ಹೇಳಬೇಡ ಅಂದಿದ್ಯಲ್ಲ.”

ಅಷ್ಟೇ. ದೂರು ಇಲ್ಲ, ಅಳು ಇಲ್ಲ. ಅಮ್ಮ ಹೇಳಿದ್ದನ್ನು ಕೇಳಬೇಕು ಎಂದು ನಾವೇ ಕಲಿಸಿದ್ದು, ಅವಳು ಕೇಳಿದ್ದಳು. ಅವಳು ಬೀರುವಿಗೆ ಒರಗಿ ನಿಂತದ್ದು ಮೂರು ಗಂಟೆ ಹೊತ್ತು. ನನಗೆ ರಸ್ತೆಯಲ್ಲೇ ಅಳು ಬಂತು. ಅವಳು ಗಾಬರಿಯಾಗಿ, ಫ್ರಾಕು ಮುಂದಿನ ವರ್ಷ ಹಾಕ್ಕೊತೀನಿ ಬಿಡು ಎಂದಳು. ಮುಂದಿನ ವರ್ಷಕ್ಕೆ ಅದು ಗಿಡ್ಡವಾಗುತ್ತದೆ ಎಂದು ನಾನು ಹೇಳಲಿಲ್ಲ. ಮನೆಗೆ ಹೋದ ಮೇಲೆ ನೋಡಿದೆ, ಅಂಚಿನಲ್ಲಿ ಎರಡು ಬೆರಳು ಬಟ್ಟೆ ಮಡಚಿಟ್ಟಿದ್ದೇನೆ, ಬಿಚ್ಚಿ ಉದ್ದ ಮಾಡಬಹುದು.

ಓದಿನ ದಿನ ಗುಂಡಿ ನಮ್ಮಿಬ್ಬರ ಮಧ್ಯೆ ಕೂತು ಎಲ್ಲರಿಗೂ ಚಪ್ಪಾಳೆ ತಟ್ಟಿದಳು. ಪಕ್ಕದ ಮನೆಯ ಹುಡುಗ ಎರಡನೇ ಸಾಲಿನಲ್ಲಿ ಸಿಕ್ಕಿಕೊಂಡು ಕಿವಿ ಕೆಂಪಾಗಿ ನಿಂತುಬಿಟ್ಟ. ಅವನಪ್ಪ ಫೋನು ಎತ್ತಿ ವಿಡಿಯೋ ಮಾಡುತ್ತಿದ್ದರು. ನನಗೆ ಒಳಗೊಳಗೇ ಖುಷಿಯಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ನನ್ನ ಕಾಲು ತಾನಾಗೇ ನೆಲದಿಂದ ಮೇಲೆ ಎದ್ದಿತ್ತು, ಪೆಡಲಿನಿಂದ ತೆಗೆದ ಹಾಗೆ. ಪಾಪ, ಯಾರೂ ಅವನಿಗೆ ಮಷಿನ್ನು ನಿಲ್ಲಿಸಿರಲಿಲ್ಲ.

ಆ ಸಂಜೆ ಅವಳು ಸ್ಟೂಲು ಎಳೆದುಕೊಂಡು ಬಸವನಹುಳುವಿನ ಪುಟ ತೆರೆದಳು. ನಾನು ಮಷಿನ್ನಿಗೆ ಬಟ್ಟೆ ಕೊಟ್ಟೆ. ಗೋಡೆ ಮುಗಿದು ಹುಳು ಆಚೆ ಬದಿಗೆ ಇಳಿಯುವವರೆಗೂ ನನ್ನ ಕಾಲು ಒಮ್ಮೆಯೂ ನಿಲ್ಲಲಿಲ್ಲ. ಓದಿ ಮುಗಿಸಿ ಡೈರಿ ತಂದು ನನ್ನ ಮುಂದೆ ಇಟ್ಟಳು. ಅವಳಪ್ಪ ಅಲ್ಲೇ ಬಾಗಿಲ ಹತ್ತಿರ ಶೂ ಬಿಚ್ಚುತ್ತಿದ್ದರು.

“ನಂದು ಲೆಕ್ಕಕ್ಕೆ ಬರಲ್ಲ ಕಣೇ,” ಎಂದೆ.

“ಗೊತ್ತು.” ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು. “ಅಪ್ಪನ ಥರ ಬರೀಬೇಡ. ನಿನ್ನ ಥರ ಬರಿ.”

ಅವರು ತಲೆ ಎತ್ತಲಿಲ್ಲ, ಒಂದೇ ಲೇಸನ್ನು ಬಹಳ ಹೊತ್ತು ಬಿಚ್ಚುತ್ತಿದ್ದರು. ನಾನು ಬಟ್ಟೆ ಪಕ್ಕಕ್ಕಿಟ್ಟು ಹೆಸರು ಬರೆದೆ. ಚೌಕದಿಂದ ಹೊರಗೆ ಹೋಯಿತು, ಕೋಳಿ ಕೆದಕಿದ ಹಾಗೇ ಬಂತು. ಗುಂಡಿ ಅದನ್ನು ಬೆಳಕಿಗೆ ಹಿಡಿದು, ಅವಳಪ್ಪನ ಹಾಗೇ ನಿಧಾನವಾಗಿ ನೋಡಿ, ಸರಿ ಇದೆ ಎಂದಳು.